ನಡುಮನೆ ಡಬ್ಬಿಯ ಕೆಂಪು ದೀಪ

ಸ್ವಲ್ಪ ಕೂತುಕೊಳ್ಳಿ, ಇದನ್ನು ಪೂರ್ತಿ ಕೇಳದೆ ಏಳಬೇಡಿ. ವೈಫೈ ಕೆಟ್ಟ ಕತೆ ನಮಗ್ಯಾಕೆ ಅಂತ ಮುಖ ತಿರುಗಿಸುವವರಿಗೇ ಮೊದಲು ಹೇಳುತ್ತಿದ್ದೇನೆ. ಅಂಗೈ ಅಗಲದ ಒಂದು ಬಿಳಿ ಡಬ್ಬಿಯಿಂದಾಗಿ ನಮ್ಮ ಮನೆಯ ಸೊಸೆ ಬ್ಯಾಗು ಕಟ್ಟುವ ಹಂತಕ್ಕೆ ಬಂದಿದ್ದಳು. ನಮ್ಮಪ್ಪ ಒಬ್ಬ ಒಳ್ಳೆಯ ಹುಡುಗನನ್ನು ಬ್ಯಾಡಗಿ ಪೇಟೆಯ ತುಂಬ ಬೈಯುತ್ತ ತಿರುಗಿದ್ದ. ಕೊನೆಗೆ ತಪ್ಪು ಯಾರದು ಅಂತ ಈಗಲೂ ನಮ್ಮಲ್ಲಿ ಒಮ್ಮತವಿಲ್ಲ.

ನಾನು ಮಧು, ಈ ಮನೆಯ ಮಗಳು, ಹಾವೇರಿಯಲ್ಲಿ ಬಿಎಸ್ಸಿ ಓದುತ್ತಿದ್ದೇನೆ, ದಿನಾ ಬಸ್ಸಿನಲ್ಲಿ ಓಡಾಟ. ಬ್ಯಾಡಗಿಯ ನಮ್ಮ ಮನೆಗೆ ಅಗಲ ಕಡಿಮೆ, ಉದ್ದ ಜಾಸ್ತಿ. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಅಡುಗೆಮನೆ, ಹಿತ್ತಲು. ಹಿತ್ತಲಿನಿಂದ ಮಹಡಿಗೆ ಕಲ್ಲಿನ ಮೆಟ್ಟಿಲು. ಮಹಡಿಯಲ್ಲಿ ಅಣ್ಣ ಪ್ರವೀಣಕುಮಾರ ಮತ್ತು ಅವನ ಹೆಂಡತಿ, ನನ್ನ ವೈನಿ ಸುರೇಖಾಳ ಕೋಣೆ. ಗೋಡೆಗಳೆಲ್ಲ ಮೊಳ ದಪ್ಪದ ಮಣ್ಣಿನವು. ಪಡಸಾಲೆಯ ವೈಫೈ ಅಡುಗೆಮನೆಗೆ ಬರುವಷ್ಟರಲ್ಲಿ ಸುಸ್ತಾಗುತ್ತಿತ್ತು, ಮಹಡಿಯ ಮಾತಂತೂ ಬೇಡ. ಅದಕ್ಕೇ ಅಣ್ಣ ರಾಣೆಬೆನ್ನೂರಿನಲ್ಲಿ ಅಂಗಡಿ ಇಟ್ಟಿರುವ ತನ್ನ ಗೆಳೆಯ ಸಮೀವುಲ್ಲಾನ ಕೈಯಿಂದ ಮೂರು ಡಬ್ಬಿಯ ಮೆಶ್ ಹಾಕಿಸಿದ. ಒಂದು ಡಬ್ಬಿ ಪಡಸಾಲೆಯಲ್ಲಿ, ಒಂದು ನಡುಮನೆಯ ಗೋಡೆಯೊಳಗಿನ ಗೂಡಿನಂಥ ಮಾಡದಲ್ಲಿ, ಒಂದು ಮಹಡಿಯಲ್ಲಿ. ಮದುವೆ ಮನೆಯಲ್ಲಿ ನೀರಿನ ಕೊಡವನ್ನು ಕೈಯಿಂದ ಕೈಗೆ ದಾಟಿಸುವ ಹಾಗೆ ಇವು ಸಿಗ್ನಲ್ಲನ್ನು ದಾಟಿಸುತ್ತವೆ. ನಡುವೆ ನಿಂತವರು ಕೈಬಿಟ್ಟರೆ ಮೇಲಿನವರಿಗೆ ನೀರಿಲ್ಲ.

ಮೇಲೆ ನೀರು ಬೇಕಾಗಿದ್ದುದು ವೈನಿಗೆ. ವೈನಿ ಗಣಿತದಲ್ಲಿ ಎಂಎಸ್ಸಿ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಆನ್‌ಲೈನ್ ಟ್ಯೂಷನ್ ನಡೆಸುವ ಒಂದು ಕಂಪನಿ ಎಂಟನೇ ಇಯತ್ತೆಯ ಮಕ್ಕಳ ಗುಂಪೊಂದನ್ನು ಅವಳಿಗೆ ಕೊಟ್ಟು, ಸ್ವಲ್ಪ ದಿನ ನೋಡುತ್ತೇವೆ ಅಂದಿತ್ತು. ಸಂಜೆ ಮಕ್ಕಳು ಶಾಲೆಯಿಂದ ಬಂದ ಮೇಲೆ ಕ್ಲಾಸು. ಸರಿಯಾಗಿ ನಡೆದರೆ ಕೆಲಸ ಕಾಯಂ, ಪದೇ ಪದೇ ಕಡಿದರೆ ಗುಂಪು ಬೇರೆಯವರ ಪಾಲು.

ಸಂಕ್ರಾಂತಿ ಮುಗಿದು ಮೆಣಸಿನಕಾಯಿ ಸುಗ್ಗಿ ಶುರುವಾಗಿದ್ದೇ ತಡ, ಕ್ಲಾಸು ಕಡಿಯತೊಡಗಿತು.

“ಇವತ್ತ ಮತ್ತ ಹೋತು,” ಅಂದಳು ವೈನಿ, ಊಟಕ್ಕೆ ಕೂತು. “ಸಮೀಕರಣ ಬಿಡಸಾಕತ್ತಿದ್ದೆ. ಬಾಯಿ ತಕ್ಕೊಂಡು ಹಂಗ ನಿಂತಬಿಟ್ಟೇನಂತ. ಒಬ್ಬ ಹುಡುಗ ಫೋಟೋ ಹೊಡದು ಗ್ರೂಪಿಗೆ ಹಾಕ್ಯಾನ.”

“ಎಲ್ಲಿ, ತೋರಸು ವೈನಿ!” ಅಂದೆ ನಾನು. ತೋರಿಸಿದಳು. ನಕ್ಕೆ. ಅಣ್ಣ ಮೇಜಿನ ಕೆಳಗೆ ನನ್ನ ಕಾಲು ತುಳಿದ.

ಅವ್ವ ಮುತ್ತವ್ವ ರೊಟ್ಟಿ ಹಾಕುತ್ತ ಅಂದಳು: “ಮ್ಯಾಲೆ ಕುಂತು ಗ್ವಾಡಿ ಕೂಡ ಮಾತಾಡಾಕ ಇಷ್ಟ ತ್ರಾಸು. ಕೆಳಗ ಬಂದು ಎರಡ ಬುಟ್ಟಿ ತುಂಬು ಬಿಡಸಿದ್ರ ಯಾ ವೈಫೈನೂ ಬೇಕಾಗಿಲ್ಲ.”

ಮೆಣಸಿನಕಾಯಿ ತೊಟ್ಟಿಗೆ ನಮ್ಮ ಕಡೆ ತುಂಬು ಅಂತಾರೆ. ಅಪ್ಪ ಶಂಕ್ರಪ್ಪ ಸೋಮವಾರ, ಗುರುವಾರದ ಪೇಟೆಯಲ್ಲಿ ಕಾಯಿ ಹಿಡಿದು, ಮರುದಿನ ನಮ್ಮ ನಡುಮನೆಯಲ್ಲೇ ಹೆಣ್ಣುಮಕ್ಕಳನ್ನು ಕೂರಿಸಿ ತುಂಬು ಬಿಡಿಸಿ, ಆಮೇಲೆ ದೊಡ್ಡ ವ್ಯಾಪಾರಿಗಳಿಗೆ ಕೊಡುತ್ತಾನೆ.

“ಮುಂಜಾನಿ ಎಲ್ಲಾ ಕೆಳಗ ಇರ್ತೀನಲ್ರಿ ಅತ್ತಿ?”

“ಇರ್ತೀ. ಸೀನಕೋಂತ ಇರ್ತೀ.”

ವೈನಿ ತಟ್ಟೆ ನೋಡುತ್ತ ಹೇಳಿದಳು: “ಸಿಟ್ಟಾಗಬ್ಯಾಡ್ರಿ. ಸುಗ್ಗಿ ಮುಗಿಯೂ ತನಕ ರಾಣೆಬೆನ್ನೂರಿಗೆ ಹೋಗಿ ನಮ್ಮವ್ವನ ಮನ್ಯಾಗಿಂದ ಕ್ಲಾಸ್ ತೊಗೋತೀನಿ.”

ಅವ್ವನ ಕೈ ಬುಟ್ಟಿಯ ಮೇಲೇ ನಿಂತಿತು. “ಸುಗ್ಗ್ಯಾಗ ಸೊಸಿ ತವರಿಗೆ ಹೋದ್ಲಂದ್ರ ಮಂದಿ ಏನಂತಾರ ಗೊತ್ತೈತೇನು? ಮುತ್ತವ್ವ ಘಾಟು ಕುಡಿಸಿ ಓಡಿಸಿದ್ಲು ಅಂತಾರ.”

“ಯಾರೂ ಎಲ್ಲಿಗೂ ಹೋಗಾಂಗಿಲ್ಲ,” ಅಂದಳು ಅಜ್ಜಿ ಮೈಲವ್ವ, ರೊಟ್ಟಿಯನ್ನು ಪಲ್ಯದಲ್ಲಿ ನೆನೆಸುತ್ತ. “ಆ ಡಬ್ಬಿ ರಿಪೇರಿ ಮಾಡಸ್ರಿ. ನನ್ನ ಕಣ್ಣಿಗೆ ಹೊತ್ತಹೊತ್ತಿಗೆ ಔಷಧ ಬಿಡಾಕಿ ಅಕಿ. ಅಕಿ ಹೋದ್ರ ನೀ ಬಿಡ್ತೀಯೇನು, ಮುತ್ತವ್ವಾ? ಮಾರಿಗೆಲ್ಲಾ ಸುರೀತಿ.”

ಅಜ್ಜಿಗೆ ಸಂಕ್ರಾಂತಿಗೆ ಸ್ವಲ್ಪ ಮೊದಲು ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು, ಔಷಧ ಇನ್ನೂ ನಡೆದಿತ್ತು. ಹೀಗಾಗಿ ವೈನಿಯ ಬ್ಯಾಗು ಅವತ್ತಿಗೆ ಅಟ್ಟದಲ್ಲೇ ಉಳಿಯಿತು.

ಆಮೇಲೆ ಶುರುವಾಯಿತು ನೋಡಿ ನಮ್ಮ ರಿಪೇರಿ. ಅಣ್ಣ ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಕೆಲಸ ಮುಗಿಸಿ ಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಬಂದವನೇ ಮುಖ ತೊಳೆಯದೆ ಡಬ್ಬಿಗಳ ಮುಂದೆ ಕೂರುತ್ತಿದ್ದ. ಮೂರರಲ್ಲೂ ನೀಲಿ ದೀಪ! ಆಫ್ ಮಾಡಿ ಆನ್ ಮಾಡಿದ. ಅಪ್‌ಡೇಟ್ ಹಾಕಿದ. ಚಾನೆಲ್ ಬದಲಿಸಿದ. ಎಲ್ಲವನ್ನೂ ಅಳಿಸಿ ಹೊಸದಾಗಿ ಜೋಡಿಸಿದ. ನಾನು ಮಹಡಿಯಲ್ಲಿ ವಿಡಿಯೋ ಹಚ್ಚಿಕೊಂಡು, “ಬರಾಕತ್ತೈತಿ! ಹೋಗಿಲ್ಲ! ಇನ್ನೂ ಹೋಗಿಲ್ಲ!” ಅಂತ ಕೂಗುತ್ತಿದ್ದೆ. ಹೋಗುತ್ತಲೇ ಇರಲಿಲ್ಲ.

“ನೋಡು, ಹೆಂಗ ಓಡಾಕತ್ತೈತಿ,” ಅನ್ನುತ್ತಿದ್ದ ಅಣ್ಣ.

“ನೀ ಬಂದಾಗ ಓಡತೈತಿ,” ಅನ್ನುತ್ತಿದ್ದಳು ವೈನಿ. “ನಿಮ್ಮನಿ ಮಂದೀನೂ ಹಂಗ, ಡಬ್ಬೀನೂ ಹಂಗ.”

ಒಂದು ಭಾನುವಾರ ಸಮೀವುಲ್ಲಾ ತಾನೇ ಬೈಕ್ ಹತ್ತಿ ಬಂದ. ಅಡಾಪ್ಟರ್ ಬದಲಿಸಿದ, ಫೈಬರಿನ ತುದಿ ಒರೆಸಿದ, ಮೂರು ಕಡೆಯೂ ನಿಂತು ಪರೀಕ್ಷೆ ಮಾಡಿದ. ಎಲ್ಲ ಸರಿ. ಚಹಾ ಕುಡಿದು ಹೋದ. ಮಂಗಳವಾರ ಕ್ಲಾಸು ಮತ್ತೆ ಕಡಿಯಿತು. ಅಪ್ಪ ಪಡಸಾಲೆಯಿಂದ ಇಡೀ ಓಣಿಗೆ ಕೇಳುವ ಹಾಗೆ ಫೋನಿನಲ್ಲಿ ಅಂದ: “ಏನ ಮಾಲ ಕೊಟ್ಟಿಯೋ ತಮ್ಮಾ? ಪ್ರವೀಣನ ದೋಸ್ತ ಅಂತ ನಂಬಿದ್ವಿ.”

“ಕಾಕಾ, ಇನ್ನೊಮ್ಮಿ ಬಂದು ನೋಡ್ತೀನ್ರಿ.”

“ನೋಡೂದ ಸಾಕು!”

ಅಷ್ಟಕ್ಕೇ ಬಿಟ್ಟಿದ್ದರೆ ಚಿಂತೆಯಿರಲಿಲ್ಲ. ಪೇಟೆಯಲ್ಲಿ ಅಪ್ಪನ ಗೆಳೆಯ ರುದ್ರಮುನಿ ತನ್ನ ಗೋದಾಮಿಗೆ ಕ್ಯಾಮೆರಾ ಹಾಕಿಸಲು ಸಮೀವುಲ್ಲಾನಿಗೇ ಹೇಳಿದ್ದರು. ಅಪ್ಪ ಅವರ ಕಿವಿಗೂ ಇದನ್ನು ಹಾಕಿದ. ಕ್ಯಾಮೆರಾದ ಕೆಲಸ ಅಲ್ಲಿಗೇ ನಿಂತಿತು.

ಅಷ್ಟರಲ್ಲಿ ನನ್ನ ತಲೆಗೆ ಒಂದು ವಿಷಯ ಹೊಳೆಯಿತು. ಕ್ಲಾಸು ಕಡಿಯುವುದು ಪೇಟೆಯ ಮರುದಿನ ಮಾತ್ರ! ಊಟದಲ್ಲಿ ಹೇಳಿದೆ.

“ಅದ ಮತ್ತ,” ಅಂದ ಅಪ್ಪ. “ಪ್ಯಾಟಿ ಮರುದಿನ ಊರ ವ್ಯಾಪಾರಸ್ಥರೆಲ್ಲಾ ಫೋನ ಹಿಡಕೊಂಡ ಕುಂತಿರ್ತಾರ. ಲೈನ ಜಗ್ಗತೈತಿ.”

“ಲೈನ ಕಡದಾಗ ವೈನಿ ಡಬ್ಬಿ ಕೆಂಪ ಆಗತೈತಿ. ಹಂಗಿದ್ರ ಪಡಸಾಲಿ ಡಬ್ಬೀನೂ ಕೆಂಪ ಆಗಬೇಕಲ್ಲಪ್ಪಾ? ಅದು ನೀಲಿನ ಇರತೈತಂತ. ಅವ್ವ ಅಲ್ಲೇ ಕುಂತು ಫೋನಿನ್ಯಾಗ ಧಾರಾವಾಹಿ ನೋಡಿರ್ತಾಳ.”

“ನಾ ಎಲ್ಲಿ ನೋಡೇನಿ?” ಅಂದಳು ಅವ್ವ. ಮಾತು ಧಾರಾವಾಹಿಯ ಕಡೆ ಹೋಯಿತು.

ಮುಂದಿನ ಮಂಗಳವಾರ ನಾನು ಪ್ರಾಕ್ಟಿಕಲ್ ಬಿಟ್ಟು ಮಧ್ಯಾಹ್ನದ ಬಸ್ಸಿಗೇ ಬಂದುಬಿಟ್ಟೆ.

ನಡುಮನೆಯಲ್ಲಿ ಕೆಂಪು ರಾಶಿ. ಸುತ್ತ ಹೆಣ್ಣುಮಕ್ಕಳು ಸೆರಗನ್ನು ಮೂಗಿಗೆ ಕಟ್ಟಿಕೊಂಡು ತುಂಬು ಬಿಡಿಸುತ್ತಿದ್ದರು. ಅವರ ಮುಂದಾಳು ಮಕ್ತುಮಬಿ ನನ್ನನ್ನು ನೋಡಿ, “ಬಾ ಬಾ ಮಧೂ, ಕಾಲೇಜ ಓಡಿಸಿಬಿಟ್ರೇನು? ಕುಂದರು, ಒಂದ ಬುಟ್ಟಿ ಬಿಡಸು,” ಅಂದಳು. ನಾನು ಸೀನುತ್ತ ಫೋನು ತೆಗೆದೆ. ಮೆಶ್‌ನ ಆ್ಯಪಿನಲ್ಲಿ ನಡುಮನೆಯ ಡಬ್ಬಿ ಕೆಂಪಾಗಿತ್ತು. ತಲೆ ಎತ್ತಿ ಮಾಡದ ಕಡೆ ನೋಡಿದೆ.

ಡಬ್ಬಿ ಕಾಣಲಿಲ್ಲ. ಕಂಡಿದ್ದು ಒಂದು ಪುಟ್ಟ ಕೌದಿ.

ನಮ್ಮ ಮನೆಯಲ್ಲಿ ಮಾತ್ರ ಆಗುವಂಥ ತಪ್ಪು ಇದು. ಸುಗ್ಗಿ ಬಂತೆಂದರೆ ನಮ್ಮಲ್ಲಿ ಸಾಮಾನುಗಳಿಗೆಲ್ಲ ಬಟ್ಟೆ ಉಡಿಸುತ್ತಾರೆ. ಟೀವಿಗೆ ಅಪ್ಪನ ಹಳೆಯ ಲುಂಗಿ, ಫ್ರಿಜ್ಜಿಗೆ ಅವ್ವನ ಸೀರೆ, ಮಿಕ್ಸರಿಗೆ ದಿಂಬಿನ ಚೀಲ. ಇಲ್ಲದಿದ್ದರೆ ಖಾರದ ಧೂಳು ಸಂದಿಗೊಂದಿಯಲ್ಲೆಲ್ಲ ಹೊಕ್ಕುಬಿಡುತ್ತದೆ. ಹಾಗಾಗಿ ಮಾಡದಲ್ಲಿ ಇನ್ನೊಂದು ಸಾಮಾನು ಹೊದ್ದುಕೊಂಡು ಕೂತಿದ್ದರೆ ಯಾರ ಕಣ್ಣಿಗೂ ಅದು ವಿಶೇಷವಲ್ಲ. ವೈನಿಯಂತೂ ರಾಶಿ ಬಿದ್ದ ದಿನ ಸೀನು ತಾಳದೆ ಅಡುಗೆಮನೆಯಲ್ಲೇ ಇದ್ದು, ಹಿತ್ತಲಿನಿಂದಲೇ ಮಹಡಿ ಹತ್ತುತ್ತಿದ್ದಳು.

ಹತ್ತಿರ ಹೋಗಿ ನೋಡಿದೆ. ಎಂಥಾ ಕೌದಿ ಅಂತೀರಿ! ವೈನಿಯ ಹಸಿರು ಸೀರೆಯ ತುಂಡು, ಅಪ್ಪನ ಧೋತರದ ಅಂಚು, ನನ್ನ ಶಾಲೆಯ ನೀಲಿ ಲಂಗ. ಅರಿವೆಯ ಮೇಲೆ ಅರಿವೆ ಇಟ್ಟು ಇರುವೆ ಸಾಲಿನಂಥ ಹೊಲಿಗೆ, ವೈರು ಹೊರಬರಲು ಕಿಂಡಿ, ಕಟ್ಟಲು ಕಸಿ. ಮುಟ್ಟಿದೆ. ಹಂಚಿನಿಂದ ಈಗಷ್ಟೇ ಇಳಿಸಿದ ರೊಟ್ಟಿಯಷ್ಟು ಬಿಸಿ!

“ಛಲೋ ಆಗೇತಿಲ್ಲ?” ಹಿಂದಿನಿಂದ ಅಜ್ಜಿಯ ದನಿ. “ಸುರೇಖಾನ ಅನ್ನದ ಡಬ್ಬಿ ಅದು. ಒಳಗ ಖಾರ ಹೋದ್ರ ಅದೂ ನಿಮ್ಮ ವೈನಿಯಂಗ ಸೀನತೈತಿ.”

“ಇದನ್ನ ಯಾವಾಗ ಹೊಲದಿ ಅಜ್ಜಿ?”

“ಡಾಕ್ಟರು ಇನ್ನ ಕಣ್ಣಿಗೆ ಕೆಲಸ ಕೊಡ್ರಿ ಅಂದ್ರಲ್ಲ, ಅವತ್ತಿಂದ. ಸೂಜಿಗೆ ದಾರಾನೂ ನಾನ ಪೋಣಿಸೇನಿ, ಯಾರನ್ನೂ ಕರದಿಲ್ಲ.” ಅಜ್ಜಿ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. “ರಾಶಿ ಬಿದ್ದ ದಿನ ಮುಂಜಾನಿ ತೊಡಸ್ತೀನಿ. ಸಂಜಿಕ ಮಂದಿ ಎಲ್ಲಾ ಎದ್ದ ಮ್ಯಾಲೆ ಹಿತ್ತಲದಾಗ ಜಾಡಿಸಿ ಟ್ರಂಕಿನ್ಯಾಗ ಇಡ್ತೀನಿ. ನಿಮ್ಮಣ್ಣ ಬರೂದ್ರಾಗ ಡಬ್ಬಿ ತೊಳದಿಟ್ಟಂಗ ಇರತೈತಿ.”

“ಆಯಿ ಎಲ್ಲಾರಿಗೂ ತೋರ್ಸ್ಯಾರ,” ಅಂದಳು ಮಕ್ತುಮಬಿ. “ನಮ್ಮನಿ ಫ್ಯಾನಿಗೂ ಒಂದ ಹೊಲಕೊಡ್ರಿ ಅಂದೇನಿ.”

ಕೌದಿಯಿಂದ ಕೈ ತೆಗೆದೆ. ಓಡಿ ಮಹಡಿ ಹತ್ತಿದೆ.

ಕೌದಿ ಹೊದ್ದ ಡಬ್ಬಿ ಕಾದು ಬಂದ್ ಬೀಳುತ್ತಿದೆ ಅಂದದ್ದಕ್ಕೆ ವೈನಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಮಂಚದ ಮೇಲೆ ಕೂತಳು.

“ಹೋಗಿ ಹೇಳಿಬಿಡ್ಲೇನು?” ಅಂದೆ.

“ಹೆಂಗ ಹೇಳ್ತೀ? ಆಪರೇಷನ್ ಆದಾಗಿಂದ ನಾ ಯಾತಕ್ಕೂ ಬರಾಂಗಿಲ್ಲ, ನನ್ನ ಮೂಲ್ಯಾಗ ಇಡ್ರಿ ಅಂತ ಕುಂತಿದ್ರು. ಈಗ ಸೂಜಿ ಹಿಡದಾರ. ಅದೂ ನನ್ನ ಸಲುವಾಗಿ.”

“ಮತ್ತ ಸಮೀವುಲ್ಲಾ?”

“ಡಬ್ಬಿ ನಡ್ಯಾಕ ಹತ್ತಿದ್ರ ಮಾವಾರ ಸಿಟ್ಟು ತಾನ ಇಳೀತೈತಿ. ಅತ್ತಿಗೆ ಗೊತ್ತಾದ್ರ ಮಾತ್ರ ಅಜ್ಜಿ ಕತಿ ಮುಗೀತು. ಹಬ್ಬ ಹಬ್ಬಕ್ಕ ತಗದು ಆಡತಾರ.”

ನಾವಿಬ್ಬರೂ ಸೇರಿ ಹೂಡಿದ ಹೂಟ ಇದು. ವೈನಿ ಕೌದಿಗೆ ಖಾರ ಹತ್ತಿದೆ ಅಂತ ಅದನ್ನು ನೆನೆಹಾಕಿ ಒಗೆದಳು. ಅಷ್ಟು ದಪ್ಪದ ಕೌದಿ ಲಗೂನ ಒಣಗುತ್ತದೆಯೇ? ಶುಕ್ರವಾರದ ಕ್ಲಾಸು ಒಂದು ಕ್ಷಣವೂ ಕಡಿಯಲಿಲ್ಲ. ಒಣಗಿದ ಮೇಲೆ, “ಅಜ್ಜಿ, ಇಷ್ಟ ಚಂದದ್ದು ಮೆಣಸಿನಕಾಯ್ಯಾಗ ಯಾಕ್ರಿ? ನನ್ನ ಹಿಂದ ಗ್ವಾಡಿಗೆ ಹಾಕ್ತೀನಿ, ಹುಡುಗೂರು ನೋಡ್ಲಿ,” ಅಂತ ಮಹಡಿಗೆ ಒಯ್ದಳು. ಮಕ್ಕಳು ಖರೇನೇ ಹೊಗಳಿದರು. ಅಜ್ಜಿ ಅವತ್ತು ಒಂದು ರೊಟ್ಟಿ ಹೆಚ್ಚು ತಿಂದಳು.

ಸಿಟ್ಟು ಇಳಿಯುವ ಬದಲು ಅಪ್ಪನಿಗೆ ಹೆಮ್ಮೆ ಬಂತು. “ಬೈದದ್ದಕ್ಕ ಸರಿ ಆತು ನೋಡ್ರಿ. ಅಲ್ಲಿಂದ ಏನೋ ಬಟನ್ ಒತ್ತ್ಯಾನ ಮಗಾ,” ಅಂದ. ರುದ್ರಮುನಿಯವರು ಕ್ಯಾಮೆರಾವನ್ನು ಬೇರೆಯವರಿಂದ ಹಾಕಿಸಿದರು. ನಾನೂ ವೈನಿಯೂ ಒಬ್ಬರ ಮುಖ ಒಬ್ಬರು ನೋಡಿ ಸಾರು ಸುರಿದುಕೊಂಡೆವು.

ಅಷ್ಟರಲ್ಲಿ ಕಂಪನಿಯಿಂದ ಸಂದೇಶ ಬಂತು. ಬರುವ ಶುಕ್ರವಾರ ಹಿರಿಯ ಮೇಡಮ್ಮೊಬ್ಬರು ಕ್ಲಾಸಿನಲ್ಲಿ ಕೂತು ನೋಡುತ್ತಾರೆ, ಅವತ್ತೇ ತೀರ್ಮಾನ. ಮನೆಯಲ್ಲಿ ಮದುವೆಯ ಗದ್ದಲ. ಅವ್ವ ಕೂಡ, “ಆ ಹಳದಿ ಸೀರಿ ಉಟಗೋ, ಬೆಳ್ಳಗ ಕಾಣ್ತಿ,” ಅಂದಳು. ಅಣ್ಣ ಅರ್ಧ ದಿನದ ರಜೆ ಹಾಕಿದ. ಅಪ್ಪ ಸಮೀವುಲ್ಲಾನಿಗೆ ಫೋನು ಮಾಡಿ, “ಅವತ್ತ ನೀ ನನ್ನ ಕಣ್ಣ ಮುಂದ ಕುಂತಿರಬೇಕು,” ಅಂದ. ಪಾಪ, ಅವನು ಹೊಸ ಡಬ್ಬಿಯೊಂದನ್ನು ಹಿಡಿದುಕೊಂಡೇ ಬಂದ.

ಗುರುವಾರ ಪೇಟೆ ಜೋರಾಗಿತ್ತು. ಶುಕ್ರವಾರ ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಕೌದಿ ಹೇಗೂ ಮಹಡಿಯ ಗೋಡೆಯ ಮೇಲಿದೆ ಅಂತ ನಾನು ನಿಶ್ಚಿಂತಳಾಗಿ ಪಡಸಾಲೆಯಲ್ಲಿ ಕೂತಿದ್ದೆ. ಕ್ಲಾಸು ಶುರುವಾಯಿತು. ಎಲ್ಲ ಚೆನ್ನಾಗಿತ್ತು. ಅಷ್ಟರಲ್ಲಿ ಮಹಡಿಯ ನೆಲ ದಡದಡ ಅಂತು, ವೈನಿ ಕಾಲಿನಿಂದ ಬಡಿಯುತ್ತಿದ್ದಳು. ಆ್ಯಪ್ ತೆಗೆದೆ. ನಡುಮನೆ ಕೆಂಪು.

“ನೋಡಿದಿ?” ಅಪ್ಪ ಎದ್ದು ನಿಂತ. “ನೋಡಿದಿ ನಿನ್ನ ಮಾಲು?”

ನಾನು ರಾಶಿ ತುಳಿದುಕೊಂಡೇ ಓಡಿದೆ. ಮಾಡದಲ್ಲಿ ಇನ್ನೊಂದು ಕೌದಿ! ಮೊದಲನೆಯದಕ್ಕಿಂತ ದಪ್ಪ, ಮೇಲೆ ಕೆಂಪು ಇಳಕಲ್ ಸೆರಗು. ಅಜ್ಜಿಯ ಧಾರೆ ಸೀರೆ.

“ದೊಡ್ಡ ಮೇಡಮ್ಮಾರು ನೋಡಾಕ ಬರ್ತಾರಂತಲ್ಲ,” ಅಂದಳು ಅಜ್ಜಿ, ಹೆಣ್ಣುಮಕ್ಕಳ ನಡುವೆ ಮಣೆಯ ಮೇಲೆ ಕೂತು. “ಅದಕ್ಕ ಹೊಸಾದು. ಸುಮ್ಮ ಇದ್ದೆ, ತಿಳೀಬಾರದಂತ.”

ನನ್ನ ಹಿಂದೆಯೇ ಸಮೀವುಲ್ಲಾ ಬಂದ, ಅವನ ಹಿಂದೆ ಅಪ್ಪ, ಅಣ್ಣ, ಅವ್ವ. ಸಮೀವುಲ್ಲಾ ಕೌದಿಯ ಮೇಲೆ ಕೈ ಇಟ್ಟ. ಥಟ್ಟನೆ ತೆಗೆದ. ನನ್ನನ್ನು ನೋಡಿದ, ಅಜ್ಜಿಯನ್ನು ನೋಡಿದ. ಎಲ್ಲ ತಿಳಿಯಿತು ಅವನಿಗೆ.

“ಕಾಕಾ, ಮಷೀನ್ ಬಿಸಿ ಆಗಾಕತ್ತೈತ್ರಿ,” ಅಂದ ಮೆಲ್ಲಗೆ. “ನಂದ ತಪ್ಪು. ಬದಲಿ ಕೊಡ್ತೀನಿ.”

“ಕೇಳಿದ್ರಿಲ್ಲ ಎಲ್ಲಾರೂ?” ಅಪ್ಪ ಹೆಣ್ಣುಮಕ್ಕಳ ಕಡೆ ತಿರುಗಿದ. “ತಾನ ಒಪ್ಪಿಕೊಂಡ!”

ಮೇಲೆ ವೈನಿಯ ಕಾಲು ಇನ್ನೂ ಬಡಿಯುತ್ತಿತ್ತು. ನಾನು ಇಷ್ಟೊತ್ತು ತಡೆದದ್ದೇ ಹೆಚ್ಚು, ಕೂಗಿಬಿಟ್ಟೆ:

“ಅವಂದಲ್ಲಪ್ಪಾ! ಕೌದಿಯಿಂದ! ಕೌದಿ ಒಳಗ ಕಾದು ಕಾದು ಡಬ್ಬಿ ಬಂದ್ ಬೀಳಾಕತ್ತೈತಿ. ಮೊದಲಿಂದಾನೂ ಅದ!”

ತುಂಬು ಬಿಡಿಸುವ ಕೈಗಳೆಲ್ಲ ನಿಂತವು. ಅಜ್ಜಿಯ ನಗು ಮುಖದ ಮೇಲೆ ಹಾಗೇ ಉಳಿದಿತ್ತು, ಕಣ್ಣಿನಲ್ಲಿ ಮಾತ್ರ ಇರಲಿಲ್ಲ. ಅವ್ವ ಬಾಯಿ ತೆರೆದಳು. ಏನು ಹೇಳುವವಳಿದ್ದಳೋ, ಅಷ್ಟರಲ್ಲಿ ಅಜ್ಜಿ ಮೊಣಕಾಲು ಹಿಡಿದುಕೊಂಡು ಎದ್ದಳು.

“ನಿಂತು ನನ್ನ ಮಾರಿ ಏನ ನೋಡ್ತೀರಿ? ಕತ್ತರಿ ಕೊಡ್ರಿ! ಹುಡುಗಿ ಕ್ಲಾಸು ಹೋಗಾಕತ್ತೈತಿ!”

ಕಸಿಯ ಗಂಟು ಬಿಚ್ಚುವಷ್ಟು ಪುರುಸೊತ್ತಿರಲಿಲ್ಲ. ಅಜ್ಜಿಯೇ ಕತ್ತರಿಸಿದಳು, ಸೆರಗಿನ ಸಮೇತ. ಮಕ್ತುಮಬಿ ಮೊರ ತೆಗೆದುಕೊಂಡು ಡಬ್ಬಿಗೆ ಬೀಸತೊಡಗಿದಳು. ಅವಳನ್ನು ನೋಡಿ ಉಳಿದವರೂ ಬೀಸಿದರು. ಡಬ್ಬಿ ತಣ್ಣಗಾಯಿತೋ ಇಲ್ಲವೋ, ರಾಶಿಯ ಖಾರವೆಲ್ಲ ಮೇಲೆದ್ದಿತು. ಅಪ್ಪ ಸೀನಿದ, ಅಣ್ಣ ಸೀನಿದ, ಸಮೀವುಲ್ಲಾ ಸೀನುತ್ತಲೇ ವೈರು ಕಿತ್ತು ಮತ್ತೆ ಸಿಕ್ಕಿಸಿದ. ಅವ್ವ ಬೈಯಲು ತೆರೆದ ಬಾಯಿಂದಲೇ ಸೀನಿದಳು. ಕೆಂಪು ದೀಪ ಮಿಟುಕಿತು, ಆರಿತು, ನೀಲಿಯಾಯಿತು. ಮಹಡಿಯ ಕಾಲು ನಿಂತಿತು.

ಸ್ವಲ್ಪ ಹೊತ್ತಿಗೆ ವೈನಿ ಇಳಿದು ಬಂದಳು. “ಆತು. ನಡುವ ಕಡದ್ರೂ ಮತ್ತ ಅಲ್ಲಿಂದಾನ ಹಿಡದು ಮುಗಿಸಿದ್ದು ಛಲೋ ಆತು ಅಂದ್ರು. ಗುಂಪು ನನಗ ಕೊಟ್ರು! ಆದ್ರ ನಿಮ್ಮನ್ಯಾಗ ಯಾರಿಗರ ಆರಾಮಿಲ್ಲೇನು, ಅಷ್ಟ ಮಂದಿ ಸೀನಾಕತ್ತಾರಲ್ಲ ಅಂತ ಕೇಳಿದ್ರು.” ಆಮೇಲೆ ಕತ್ತರಿಸಿದ ಕೌದಿ ನೋಡಿದಳು. ನಗು ನಿಂತಿತು.

ಅವತ್ತು ಸಮೀವುಲ್ಲಾನನ್ನು ಅಜ್ಜಿ ಹೋಗಗೊಡಲಿಲ್ಲ. ತನ್ನ ಪಕ್ಕದಲ್ಲೇ ಊಟಕ್ಕೆ ಕೂರಿಸಿಕೊಂಡಳು. ಅಪ್ಪನಿಗೆ ಕ್ಷಮೆ ಕೇಳಿ ಅಭ್ಯಾಸವಿಲ್ಲ. ಸುಮ್ಮನೆ ಅವನ ರೊಟ್ಟಿಯ ಮೇಲೆ ಬೆಣ್ಣೆ ಹಾಕುತ್ತಲೇ ಇದ್ದ.

“ಸಾಕ್ರಿ ಕಾಕಾ.”

“ತಿನ್ನೋ. ರುದ್ರಮುನಿಗೆ ನಾ ಹೇಳ್ತೀನಿ. ಅವನ ಎರಡನೇ ಗೋದಾಮ ಐತಿ.”

“ನಾಳಿ ಅಲ್ಲ, ಈಗ ಹೇಳು,” ಅಂದಳು ಅಜ್ಜಿ. ಅಪ್ಪ ಎಂಜಲು ಕೈಯಲ್ಲೇ ಫೋನು ಹಿಡಿದ.

ಆಮೇಲೆ ಅಜ್ಜಿ ನಮ್ಮ ಕಡೆ ತಿರುಗಿದಳು. “ಯಾವಾಗಿಂದ ಗೊತ್ತಿತ್ತು ನಿಮಗ?”

ನಾನು ನೆಲ ನೋಡಿದೆ. “ಮೊದಲನೇ ಕೌದಿ ಒಗ್ಯಾಕ ಹಾಕಿದ್ವಲ್ಲ, ಆವಾಗಿಂದ.”

“ನೀವು ನೊಂದಕೋತೀರಂತ ಹೇಳಲಿಲ್ರಿ ಅಜ್ಜಿ,” ಅಂದಳು ವೈನಿ.

“ನನಗ ಕಣ್ಣಿನ ಆಪರೇಷನ್ ಆಗೇತಿ. ತಲಿಗಲ್ಲ.” ಅಜ್ಜಿ ರೊಟ್ಟಿ ಮುರಿದಳು. “ಅವತ್ತ ಹೇಳಿದ್ರ ಒಂದ ಜಾಳಿಗಿ ಹೆಣದು ಹಾಕ್ತಿದ್ದೆ. ಗಾಳೀನೂ ಆಡ್ತಿತ್ತು, ನನ್ನ ಸೀರೀನೂ ಉಳೀತಿತ್ತು, ಈ ಹುಡುಗನ ಮರ್ಯಾದಿನೂ ಉಳೀತಿತ್ತು. ನಾ ನೊಂದಕೋತೀನೋ ಇಲ್ಲೋ ಅಂತ ನನ್ನ ಕೇಳದ ನೀವ ಠರಾವ ಮಾಡಿದ್ರಿ.”

ಅವ್ವ ಅತ್ತೆಯ ತಟ್ಟೆಗೆ ಪಲ್ಯ ಬಡಿಸಿದಳು. ನಾವು ಅಷ್ಟು ಹೆದರಿದ್ದ ಆಡಿಕೊಳ್ಳುವ ಮಾತು ಅವತ್ತೂ ಬರಲಿಲ್ಲ, ಆಮೇಲೂ ಬಂದಿಲ್ಲ.

ಈಗ ಸುಗ್ಗಿ ಇಳಿದಿದೆ, ವೈನಿಯ ಕ್ಲಾಸು ನಡೆಯುತ್ತಿದೆ. ವೈನಿಯ ಕೂಡ ಅಜ್ಜಿಯ ಮಾತು ಮೊದಲಿನ ಹಾಗೇ ಆಗಿದೆ. ಮಂದಿ ಮುಂದೆ ಬಾಯಿ ಬಿಟ್ಟದ್ದಕ್ಕೋ ಏನೋ, ನನ್ನ ಕೂಡ ಅರ್ಧ ಮಾತ್ರ, “ಚಹಾ ಕುಡದಿ?” ಅಂತ ಕೇಳಿ ಮುಖ ಅತ್ತ ತಿರುಗಿಸುತ್ತಾಳೆ. ನಾವು ಸುಮ್ಮನಿದ್ದದ್ದರಿಂದಲೇ ಅಜ್ಜಿಯ ಕೈಗೆ ಸೂಜಿ ಮತ್ತೆ ಕೂತಿತು ಅನ್ನುತ್ತಾಳೆ ವೈನಿ. ಅವತ್ತೇ ಹೇಳಿದ್ದರೆ ಧಾರೆ ಸೀರೆ ಟ್ರಂಕಿನಲ್ಲೇ ಇರುತ್ತಿತ್ತು ಅನ್ನುತ್ತೇನೆ ನಾನು. ದಿನಾ ಇದೇ ಜಗಳ. ನೀವೇ ಹೇಳಿಬಿಡಿ: ಆ ಮಂಗಳವಾರ ನನ್ನ ಜಾಗದಲ್ಲಿ ನೀವು ನಿಂತಿದ್ದು, ಬಿಸಿ ಕೌದಿಯ ಮೇಲೆ ನಿಮ್ಮ ಕೈ ಇದ್ದು, ತಾನೇ ದಾರ ಪೋಣಿಸಿದೆ ಅಂತ ಅಜ್ಜಿ ನಿಮ್ಮ ಮುಂದೆ ಬಾಯಿ ತುಂಬ ನಗುತ್ತಿದ್ದರೆ, ನೀವು ಏನು ಮಾಡುತ್ತಿದ್ದಿರಿ?